ಗುಣಿ ಬಲ್ಲವಳು

ನಮ್ಮ ಊರಿನಲ್ಲಿ ನೋವು ಮನುಷ್ಯರಿಗೆ ಆಗುವುದಿಲ್ಲ, ಅವರವರ ನಾಯಿಗೆ ಆಗುತ್ತದೆ. ನನ್ನ ಅತ್ತೆಯ ದವಡೆ ಹಲ್ಲು ಹುಳುಕು ಹಿಡಿದಾಗ ಅತ್ತೆ ಜಗುಲಿಯಲ್ಲಿ ಕೂತು ಚಕ್ಕುಲಿ ಕಡಿಯುತ್ತಿದ್ದರು. ಅವರ ನಾಯಿ ಅನ್ನದ ತಟ್ಟೆಯ ಮುಂದೆ ಜೊಲ್ಲು ಸುರಿಸಿಕೊಂಡು ಅಳುತ್ತಿತ್ತು. ನಾವು ನಾಯಿಯ ಬಾಯಿ ಬಿಡಿಸಲಿಲ್ಲ, ಅತ್ತೆಯ ಬಾಯಿ ಬಿಡಿಸಿ ನೋಡಿದೆವು. ಅಡುಗೆಮನೆಯಲ್ಲಿರುವ ಹೆಂಗಸರು ಹಿತ್ತಲಿನಲ್ಲಿ ತಮ್ಮ ನಾಯಿ ಕುಂಯ್ ಅಂದ ಕೂಡಲೆ ಕೈಬೆರಳು ನೋಡಿಕೊಳ್ಳುತ್ತಾರೆ. ಸುಟ್ಟಿರುತ್ತದೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುತ್ತಲೇ ಹುಡುಗಿಯ ನಾಯಿ ಮೆಟ್ಟಿಲು ಹೇಗೆ ಹತ್ತುತ್ತದೆ ಎಂದು ಓರೆಗಣ್ಣಿನಲ್ಲಿ ಗಮನಿಸುತ್ತಾರೆ. ಹೆರಿಗೆಯಾಗುವ ಮನೆಯಲ್ಲಿ ಬಸುರಿಯ ಪಕ್ಕ ಒಬ್ಬರು ಕೂತರೆ ಅವಳ ನಾಯಿಯ ಪಕ್ಕ ಇಬ್ಬರು ಕೂರುತ್ತಾರೆ.

ಮನಸ್ಸಿನ ನೋವೂ ನಾಯಿಗೇ ಹೋಗುತ್ತದೋ ಏನೋ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗಂಡ ತೀರಿಕೊಂಡವಳ ನಾಯಿ ಹದಿನೈದು ದಿನ ಮೂಲೆ ಹಿಡಿದು ಮಲಗಿದರೆ, ಬಿಸಿಲು ಜಾಸ್ತಿ ಅಲ್ಲವೇ ಎಂದು ಮಾತಾಡಿ ಎದ್ದುಬರುತ್ತೇವೆ.

ನಾಯಿಯ ಮೈಮೇಲಿನ ಗುಣಿಗಳನ್ನು ಒತ್ತಿ ನೋವು ಇಳಿಸುವುದು ನನ್ನ ಕೆಲಸ. ಎರಡು ಮೂಳೆಗಳ ನಡುವೆ, ಮಾಂಸ ಮತ್ತು ನರದ ಸಂದಿನಲ್ಲಿ ಹೆಬ್ಬೆರಳ ತುದಿ ಸಣ್ಣಗೆ ಇಳಿಯುವ ಜಾಗಗಳಿರುತ್ತವೆ, ಅವೇ ಗುಣಿ. ಸರಿಯಾದ ಗುಣಿ ಸರಿಯಾದ ಹದದಲ್ಲಿ ಒತ್ತಿದರೆ ನಾಯಿ ತುಟಿ ನೆಕ್ಕುತ್ತದೆ, ಆಮೇಲೆ ಆಕಳಿಸುತ್ತದೆ, ಆಮೇಲೆ ಉದ್ದಕ್ಕೆ ಉಸಿರು ಬಿಟ್ಟು ತಲೆ ಕೆಳಗಿಡುತ್ತದೆ. ಅಷ್ಟಾದರೆ ನಾಯಿಯೂ ಸುಧಾರಿಸುತ್ತದೆ, ಒಡೆಯನ ಮೈಯೂ ಸರಿಹೋಗುತ್ತದೆ. ಇದಕ್ಕೆಂದೇ ಕೆರೆಯ ಪಕ್ಕ ನಾಯಿಚಾವಡಿ ಇದೆ. ಅದರ ಹಿರಿಯ ಜವರಯ್ಯ. ಅವರು ಕೂರುವ ಹಲಸಿನ ಮಣೆಯ ಎಡಕ್ಕೆ ನಾನು ಹನ್ನೊಂದು ವರ್ಷ ಕೂತು ಕಲಿತೆ.

ಕಲಿತದ್ದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಯಿಯ ಕತ್ತಿನಲ್ಲಿ ಏಳು ಮಣಿ, ಬೆನ್ನಿನಲ್ಲಿ ಹದಿಮೂರು, ಸೊಂಟದಲ್ಲಿ ಏಳು, ಅದರ ಹಿಂದೆ ಬೆಸೆದುಕೊಂಡ ಮೂರು. ಪಕ್ಕೆಲುಬು ಹದಿಮೂರು ಜೊತೆ, ಕಡೆಯ ಜೊತೆಯ ತುದಿ ಎಲ್ಲಿಗೂ ಸೇರದೆ ತೇಲುತ್ತಿರುತ್ತದೆ. ನಮಗಿರುವ ಹಾಗೆ ಕೊರಳ ಬುಡದಲ್ಲಿ ಅಡ್ಡಮೂಳೆ ನಾಯಿಗೆ ಇಲ್ಲ. ಮುಂಗಾಲು ಎರಡೂ ಬರಿಯ ಮಾಂಸದಿಂದ ಮೈಗೆ ಅಂಟಿಕೊಂಡಿವೆ. ಹೊರೆ ಹೊರುವವರ ನಾಯಿಗಳಿಗೆ ಮೊದಲು ಹೆಗಲು ಹಿಡಿಯುವುದು ಅದಕ್ಕೇ. ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಕಾಣುವ ಗಿಣ್ಣನ್ನು ಜನ ಮೊಣಕಾಲು ಅನ್ನುತ್ತಾರೆ, ಅದು ಹಿಮ್ಮಡಿ. ನಾಯಿ ಆಯುಸ್ಸೆಲ್ಲಾ ಬೆರಳುಗಳ ಮೇಲೆಯೇ ನಿಂತಿರುತ್ತದೆ. ನಾಡಿ ನೋಡಬೇಕಾದರೆ ತೊಡೆಯ ಒಳಮಗ್ಗುಲಿಗೆ ಬೆರಳಿಡಬೇಕು. ವಸಡು ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಎಣಿಸುವುದರೊಳಗೆ ರಕ್ತ ಮರಳಬೇಕು. ಬೆನ್ನುಮೂಳೆಯ ಎರಡೂ ಬದಿ ಬಾಲದವರೆಗೆ ಇಳಿಯುವ ಹಾದಿಯೊಂದರಲ್ಲೇ ನಾನು ಕಣ್ಣುಮುಚ್ಚಿ ಅರವತ್ತು ಗುಣಿ ತೋರಿಸಬಲ್ಲೆ. ಚಾವಡಿಯ ಗೋಡೆಯ ಮೇಲಿನ ನಾಯಿಯ ಚಿತ್ರ ನಾನೇ ಇದ್ದಿಲಿನಲ್ಲಿ ಬರೆದದ್ದು.

ಹೊಂಬಾಳೆ ಬಂದದ್ದು ಒಂದು ಬೆಳಗ್ಗೆ, ಜನ ತುಂಬಿದ್ದಾಗ. ಮಗ್ಗದ ಮನೆಯ ಹೆಂಗಸು, ನನ್ನ ವಯಸ್ಸಿನವಳೇ. ನೇಯುವಾಗ ಕಡಿದುಹೋದ ಎಳೆಯನ್ನು ಬೆರಳಲ್ಲೇ ಹುಡುಕಿ ಗಂಟು ಹಾಕುವುದು ಅವಳ ಕೆಲಸ. ಅವಳ ಹಿಂದೆ ನಾಯಿ ಇರಲಿಲ್ಲ. ನಾಯಿಗೆ ವಯಸ್ಸಾಗುತ್ತಿದ್ದ ಹಾಗೆಯೇ ಒಂದು ಮರಿ ತಂದುಕೊಳ್ಳುವುದು ನಮ್ಮಲ್ಲಿ ವಾಡಿಕೆ. ಮರಿ ನೋವು ಹೊರುವಷ್ಟು ಬೆಳೆಯಲು ಒಂದು ವರ್ಷವಾದರೂ ಬೇಕಲ್ಲ. ಇವಳ ನಾಯಿ ಸತ್ತು ನಾಲ್ಕು ವರ್ಷವಾಗಿದ್ದರೂ ಇವಳು ತಂದಿರಲಿಲ್ಲ.

"ಹಂಗಾದ್ರೆ ನಿನ್ ನೋವೆಲ್ಲ ಯಾರು ಪಡ್ತಾರವ್ವಾ?" ಎಂದು ಜವರಯ್ಯ ಕೇಳಿದರು.

"ನಾನೇ," ಅಂದಳು. "ಅದು ಸಾಯೋವಾಗ ಅದರ ಮುಖ ನೋಡ್ದೆ ಅಯ್ಯಾ. ಇನ್ನೊಂದರ ಮೇಲೆ ಹೊರಿಸೋಕೆ ಮನಸ್ಸು ಬರ್ಲಿಲ್ಲ. ಒತ್ತೋದು ಕಲೀಬೇಕು ಅಂತ ಬಂದೆ."

ಜನ ನಕ್ಕರು. ನಾನೂ ನಕ್ಕೆ. ಅಂದು ಸುಣ್ಣದ ಗೂಡಿನವನ ನಾಯಿ ಬಂದಿತ್ತು. ಕಚ್ಚುವ ಜಾತಿ. ಒಡೆಯನ ಬೆನ್ನು ಹಿಡಿದುಕೊಂಡಿದ್ದರಿಂದ ಮೂರು ದಿನದಿಂದ ಯಾರನ್ನೂ ಹತ್ತಿರ ಸೇರಿಸಿರಲಿಲ್ಲ. ನಾನು ಬಾಯಿಗೆ ಬಟ್ಟೆ ಕಟ್ಟಿಸಿ, ಹತ್ತನೆಯ ಮಣಿಯ ಎಡಬಲದ ಗುಣಿ ಹುಡುಕಿ ಒತ್ತುತ್ತಿದ್ದೆ. ನಾಯಿ ಕಲ್ಲಿನ ಹಾಗೆ ಬಿಗಿದುಕೊಂಡಿತ್ತು. ಹೊಂಬಾಳೆ ನನ್ನ ಪಕ್ಕ ಬಂದು ಕೂತಳು. ಕೂತವಳು ನಾಯಿಯ ಬಾಯಿಯ ಬಟ್ಟೆ ಬಿಚ್ಚಿ, ಅಂಗೈಯನ್ನು ಅದರ ಪಕ್ಕೆಯ ಮೇಲೆ ಸುಮ್ಮನೆ ಇಟ್ಟಳು. ಒತ್ತಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೈ ತಾನಾಗಿಯೇ ಸರಿದು ಹಿಂಗಾಲಿನ ತೊಡೆಯ ಒಂದು ಕಡೆ ನಿಂತಿತು. ಹೆಬ್ಬೆರಳು ಇಳಿಯಿತು. ನಾಯಿ ಆಕಳಿಸಿತು. ಅಂಗಳದಲ್ಲಿ ಸುಣ್ಣದ ಗೂಡಿನವನು ಬೆನ್ನು ನೆಟ್ಟಗೆ ಮಾಡಿ, "ಅಯ್ಯೋ ಶಿವನೆ," ಅಂದ.

"ಅದ್ಯಾವ ಗುಣಿ?" ನಾನು ಕೇಳಿದೆ.

"ನಂಗೇನ್ ಗೊತ್ತಕ್ಕ," ಅಂದಳು. "ಇಲ್ಲಿ ಎಳೆ ಕಡಿದಿತ್ತು."

ಅಂದಿನಿಂದ ನನ್ನ ಕಣ್ಣು ಅವಳ ಕೈ ಬಿಟ್ಟು ಬೇರೆ ಕಡೆ ಹೋಗಲಿಲ್ಲ. ನನಗೆ ನೋವಾಗುತ್ತಿರಲಿಲ್ಲ, ಅದನ್ನು ನೀವು ನೆನಪಿಟ್ಟುಕೊಳ್ಳಬೇಕು. ಎದೆ ಕುಟ್ಟುತ್ತಿರಲಿಲ್ಲ, ಊಟ ಸೇರದೆ ಇರಲಿಲ್ಲ, ನಿದ್ದೆ ಚೆನ್ನಾಗಿಯೇ ಬರುತ್ತಿತ್ತು. ಬರೀ ನೋಡುತ್ತಿದ್ದೆ. ಅವಳ ಉಗುರಿನ ಸುತ್ತ ನೂಲಿನ ಬಣ್ಣ ಕೂತಿರುವುದನ್ನು ನೋಡುತ್ತಿದ್ದೆ. ಬಾಗಿಲಲ್ಲಿ ಬಂದ ನಾಯಿಗಳು ನನ್ನ ಮಗ್ಗುಲಿನಿಂದಲೇ ಹಾದು ಅವಳ ಮುಂದೆ ಹೋಗಿ ಮಲಗುವುದನ್ನು ನೋಡುತ್ತಿದ್ದೆ. ಅವಳಿಗೆ ಪಕ್ಕೆಲುಬು ಎಷ್ಟು ಅಂತ ಗೊತ್ತಿರಲಿಲ್ಲ. ಹೆಗಲ ಹಲಗೆಗೆ ರೆಕ್ಕೆ ಅನ್ನುತ್ತಿದ್ದಳು. ಮೂತ್ರಕೋಶ ಎಲ್ಲಿದೆ ಎಂದು ಕೇಳಿದರೆ ನಾಯಿಯ ಮುಖ ನೋಡುತ್ತಿದ್ದಳು. ಆದರೂ ಜನ ಬೆಳಗ್ಗೆ ಚಾವಡಿಯ ಮೆಟ್ಟಿಲ ಮೇಲೆ ನಿಂತು ಮೊದಲು ಕೇಳುತ್ತಿದ್ದದ್ದು, "ಹೊಂಬಾಳವ್ವ ಬಂದವ್ಳಾ?" ಅಂತ. ನನ್ನ ಕಡೆ ಬರುತ್ತಿದ್ದವರು ಅವಳ ಮುಂದಿನ ಸಾಲು ಉದ್ದವಾಗಿದೆ ಎಂದು ಬಂದವರು.

ಅವಳು ಮೊದಲು ನಾಯಿಯ ಕಿವಿಯ ಒಳಗೆ, ಪಂಜದ ಸಂದಿನಲ್ಲಿ, ಬಾಲದ ಬುಡದಲ್ಲಿ ಹುಡುಕುತ್ತಿದ್ದಳು. ಒಂದು ಉಣ್ಣೆಹುಳ ಸಿಕ್ಕರೂ ಕಿತ್ತು ಹಾಕಿ, ಆಮೇಲೆ ಒಡೆಯನ ನೋವಿಗೆ ಕೈ ಹಾಕುತ್ತಿದ್ದಳು.

"ಏನು ನೋಡ್ತಿರೋದು?" ಎಂದು ಒಮ್ಮೆ ಕೇಳಿದೆ.

"ಇದರ ಸ್ವಂತದ್ದು ಏನಾದ್ರೂ ಅದಾ ಅಂತ," ಅಂದಳು.

ಹನ್ನೊಂದು ವರ್ಷದಲ್ಲಿ ಅದು ನನಗೆ ಹೊಳೆದಿರಲಿಲ್ಲ. ಹೊಳೆಯಲಿಲ್ಲವಲ್ಲ ಎಂದು ಅವಳನ್ನು ಇನ್ನಷ್ಟು ನೋಡಿದೆ.

ಮನೆಯಲ್ಲಿ ನನ್ನ ನಾಯಿ ಕೆಂಚ ಆ ತಿಂಗಳಲ್ಲೇ ಗೋಡೆಗೆ ಮುಖ ಮಾಡಿ ಮಲಗಲು ಶುರು ಮಾಡಿದ. ಮುದ್ದೆ ಹಾಕಿದರೆ ಮೂಸಿ ಬಿಡುತ್ತಿದ್ದ. ಬಿಸಿಲು ಅಂದುಕೊಂಡೆ. ನನ್ನ ಗಂಡ ಮುದ್ದಯ್ಯ ಸೈಕಲ್ ರಿಪೇರಿ ಮಾಡುವವನು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದ ಮನುಷ್ಯ. ಊಟ ಮಾಡುತ್ತಾ, "ಅಲ್ಲ ಕಣೆ, ಒಂದ್ಸಲ ಕೆಂಚನ್ನ ಹೊಂಬಾಳವ್ವಂಗೆ ತೋರಿಸ್ಬಾರ್ದಾ?" ಅಂದುಬಿಟ್ಟ.

ನಾನು ಸಾರಿನ ಸೌಟು ಪಾತ್ರೆಗೆ ಹಾಕಿದೆ. ಗೋಡೆಯ ಹತ್ತಿರ ಕೆಂಚ ನರಳಿದ.

ಜವರಯ್ಯನ ಕೈ ನಡುಗಲು ಆರಂಭಿಸಿ ಆಗಲೇ ವರ್ಷವಾಗಿತ್ತು. ಬರುವ ಹುಣ್ಣಿಮೆಗೆ ಮಣೆ ಯಾರಿಗೆ ಎಂದು ಹೇಳುತ್ತೇನೆ ಅಂದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಹನ್ನೊಂದು ವರ್ಷ ಅವರ ಎಂಜಲು ಲೋಟ ತೊಳೆದವಳು ನಾನು. ನನಗೆ ಅಷ್ಟೇ ಸಾಕಾಯಿತು.

ಹುಣ್ಣಿಮೆಗೆ ಐದು ದಿನ ಇರುವಾಗ ಅಕ್ಕಮ್ಮಣ್ಣಿಯ ನಾಯಿ ಬೆಳ್ಳಿ ಬಂತು. ಅಕ್ಕಮ್ಮಣ್ಣಿ ಎಪ್ಪತ್ತು ದಾಟಿದ ಮುದುಕಿ, ಊರಿನ ಹೆಂಗಸರ ರವಿಕೆಯೆಲ್ಲ ಹೊಲಿಯುವವರು. ಮೆಷಿನ್ನು ತುಳಿದು ತುಳಿದು ಅವರ ಸೊಂಟ ಸವೆದಿತ್ತು, ಅದನ್ನು ಬೆಳ್ಳಿ ಆರು ವರ್ಷದಿಂದ ಹೊತ್ತುಕೊಂಡಿತ್ತು. ಉಣ್ಣೆಯಂಥ ದಟ್ಟ ಕೂದಲಿನ ದಪ್ಪ ನಾಯಿ. ಮೊದಲು ನನ್ನ ಕೈಗೇ ಸಿಕ್ಕಿತು. ಹೊಟ್ಟೆ ಸವರಿದಾಗ ದಾರದಲ್ಲಿ ಪೋಣಿಸಿದ ನೆಲ್ಲಿಕಾಯಿಯ ಹಾಗೆ ನಾಲ್ಕು ಗಂಟು ಬೆರಳಿಗೆ ತಾಗಿದವು. ಮೊಲೆತೊಟ್ಟು ಗುಲಾಬಿಯಾಗಿದ್ದವು. ನಾಯಿ ಗಬ್ಬವಾಗಿ ಒಂದು ತಿಂಗಳಿನ ಮೇಲಾಗಿದೆ, ಇನ್ನೊಂದು ತಿಂಗಳಿಗೆ ನಾಲ್ಕು ಮರಿ. ಅಕ್ಕಮ್ಮಣ್ಣಿಗೆ ಗೊತ್ತಿರಲಿಲ್ಲ. ಹೇಳಬೇಕು ಎಂದು ತಲೆ ಎತ್ತಿದೆ. ಅಷ್ಟರಲ್ಲಿ ಬೆಳ್ಳಿ ನನ್ನ ಕೈಯಿಂದ ಎದ್ದು, ಸೀದಾ ಹೋಗಿ ಹೊಂಬಾಳೆಯ ಮಡಿಲಿಗೆ ತಲೆ ಇಟ್ಟಿತು.

"ಓ, ಅದಕ್ಕೂ ಗೊತ್ತಾಗ್ಯದೆ," ಎಂದು ಯಾರೋ ನಕ್ಕರು.

ನಾನು ಬಾಯಿ ಮುಚ್ಚಿಕೊಂಡೆ. ಹೊಂಬಾಳೆ ಬೆಳ್ಳಿಯ ಸೊಂಟ ಒತ್ತಿದಳು, ಬೆನ್ನು ಒತ್ತಿದಳು. ಕೈ ಹೊಟ್ಟೆಗೆ ಬಂದು ನಿಂತಿತು. ಅವಳು ತಿರುಗಿ ನನ್ನನ್ನು ಕರೆದಳು.

"ಅಕ್ಕ, ಇಲ್ಲಿ ಗಂಟು ಗಂಟಾಗಿ ಏನೋ ಸಿಗ್ತದೆ. ನಂಗೆ ತಿಳೀತಾ ಇಲ್ಲ. ನೀನು ನೋಡಿದ್ಯಲ್ಲ, ಏನಿದು?"

ಅವಳ ಮುಖ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನನಗೆ ಗೊತ್ತಿರುತ್ತದೆ ಎಂಬ ಪೂರ್ತಿ ನಂಬಿಕೆಯಲ್ಲಿ ಕತ್ತು ಎತ್ತಿ ಕೇಳುತ್ತಿದ್ದಳು. ಹಿಂಗಾಲಿನ ಹಿಮ್ಮಡಿಗೂ ಅದರ ಹಿಂದಿನ ದಪ್ಪ ನರಕ್ಕೂ ನಡುವೆ ಒಂದು ಗುಣಿ ಇದೆ. ತಿಂಗಳು ತುಂಬಿ ಹೆರಿಗೆ ತಡವಾದಾಗ ಮಾತ್ರ ಮುಟ್ಟುವ ಗುಣಿ. ಗಬ್ಬದ ನಾಯಿಗೆ ಅದನ್ನು ತಪ್ಪಿಯೂ ಒತ್ತಬಾರದೆಂದು ಜವರಯ್ಯ ನನಗೆ ಮೊದಲ ವಾರವೇ ಹೇಳಿಕೊಟ್ಟಿದ್ದರು.

"ಮಲ ಗಟ್ಟಿಯಾಗಿದೆ," ಅಂದೆ. "ಹಿಮ್ಮಡಿ ಹಿಂದಿನ ಗುಣಿ ಒತ್ತು. ಬಲವಾಗಿ ಒತ್ತು, ಬಿಡುತ್ತೆ."

ಅವಳು ಹೆಬ್ಬೆರಳಿಟ್ಟಳು. ಒಮ್ಮೆ ಎತ್ತಿದಳು. "ಯಾಕೋ ಬೇಡ ಅಂತದೆ ಅಕ್ಕ."

"ನಾನು ಹೇಳ್ತಿದೀನಲ್ಲ."

ಒತ್ತಿದಳು. ಎರಡೂ ಕಾಲಿಗೆ, ನಾನು ಸಾಕು ಅನ್ನುವವರೆಗೆ.

ಮಾರನೆಯ ದಿನ ಮಧ್ಯಾಹ್ನ ಅಕ್ಕಮ್ಮಣ್ಣಿಯ ಹಿತ್ತಲಿನಲ್ಲಿ ಬೆಳ್ಳಿ ತಿಂಗಳು ತುಂಬದ ಮರಿಗಳನ್ನು ಕಂದು ಹಾಕತೊಡಗಿತು. ರಕ್ತ ನಿಲ್ಲಲಿಲ್ಲ. ಹೊಂಬಾಳೆ ಓಡಿಬಂದು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳಂತೆ. ಬಿಸಿಲು ಇಳಿಯುವ ಹೊತ್ತಿಗೆ ಬೆಳ್ಳಿ ಸತ್ತಿತು. ಸತ್ತ ಕ್ಷಣವೇ ಒಳಗೆ ಅಕ್ಕಮ್ಮಣ್ಣಿ ಕಿರುಚಿದ್ದು ಕೆರೆಯ ಏರಿಯವರೆಗೂ ಕೇಳಿಸಿತು. ಎಪ್ಪತ್ತು ವರ್ಷ ಒಂದು ಸೂಜಿ ಚುಚ್ಚಿದ್ದೂ ಗೊತ್ತಿಲ್ಲದ ಮೈಗೆ ಸವೆದ ಸೊಂಟದ ನೋವು ಒಟ್ಟಿಗೆ ಬಂದಿತ್ತು.

ಮರುದಿನ ಜವರಯ್ಯ ಚಾವಡಿಯಲ್ಲಿ ಎಲ್ಲರನ್ನೂ ಸೇರಿಸಿದರು. "ಹಿಮ್ಮಡಿ ಗುಣಿ ಒತ್ತು ಅಂತ ಯಾರು ಹೇಳಿದ್ರು?" ಎಂದು ಕೇಳಿದರು.

ನಾನು ಗೋಡೆಯ ಮೇಲಿನ ನನ್ನ ಚಿತ್ರ ನೋಡುತ್ತಾ ನಿಂತಿದ್ದೆ. ಈಗ ಹೇಳುತ್ತಾಳೆ ಎಂದು ಕಾದೆ. ಹೊಂಬಾಳೆ ಎದ್ದು ನಿಂತಳು.

"ಕೈ ನಂದು ಅಯ್ಯಾ," ಅಂದಳು. ಅಷ್ಟೇ.

ಹೊರಗೆ ಬಂದಾಗ ನನ್ನ ಭುಜ ಮುಟ್ಟಿ, "ಬೇಜಾರು ಮಾಡ್ಕೋಬೇಡಕ್ಕ. ಎಷ್ಟು ತಿಳಿದವರಿಗೂ ಒಂದೊಂದ್ಸಲ ಎಡವಟ್ಟಾಗ್ತದೆ. ನನ್ ಕೈ ಬೇಡ ಅಂದಾಗಲೇ ನಿಲ್ಲಿಸ್ಬೇಕಿತ್ತು," ಎಂದು ಹೇಳಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಮಗ್ಗದ ಮನೆಯ ಕಡೆ ಹೊರಟುಹೋದಳು.

ಆ ಒಳ್ಳೆಯತನವನ್ನು ಕಂಡೂ ನನಗೆ ಸಹಿಸಲಾಗಲಿಲ್ಲ ಎಂದರೆ ನೀವು ನಂಬಬೇಕು. ಇದರಲ್ಲೂ ಇವಳೇ ಮೇಲಾದಳಲ್ಲ ಅಂದುಕೊಂಡು ಮನೆಗೆ ಬಂದೆ. ಕೆಂಚ ಹಿತ್ತಲಲ್ಲಿ ಹಳದಿ ನೀರು ಕಕ್ಕುತ್ತಿದ್ದ.

ಹುಣ್ಣಿಮೆಯ ದಿನ ಮಣೆ ನನಗೆ ಬಂತು. ಜವರಯ್ಯ ನನ್ನ ತಲೆ ಮುಟ್ಟಿ, "ಕಲಿತೋಳು ನೀನೇ ಸೈ ಕಣವ್ವ ದಾಕ್ಷಾಯಿಣಿ," ಅಂದರು. ಸಾಲೆಲ್ಲ ನನ್ನ ಮುಂದೆಯೇ ನಿಂತಿತು. ಬೇರೆ ದಾರಿ ಇಲ್ಲದೆ ನಿಂತವರು. ನಾನು ಒತ್ತಿದೆ, ನಾಯಿಗಳು ತಡೆದು ತಡೆದು ಆಕಳಿಸಿದವು. ಚಾವಡಿಗೆ ಹೋಗುವ ದಾರಿಯಲ್ಲೇ ಅಕ್ಕಮ್ಮಣ್ಣಿಯ ಮನೆ. ಅವರ ನರಳಾಟ ಬೀದಿಗೆ ಕೇಳಿಸುತ್ತಿತ್ತು. ಬೆಳೆದ ನಾಯಿ ಯಾವುದೂ ಖಾಲಿ ಇರಲಿಲ್ಲ. ಮರಿಯೊಂದನ್ನು ಯಾರೋ ತಂದುಕೊಟ್ಟಿದ್ದರು, ಅದು ಅವರ ಸೆರಗು ಜಗ್ಗಿ ಆಡುತ್ತಿತ್ತಂತೆ. ನಾನು ಒಂದು ದಿನವೂ ಒಳಗೆ ಹೋಗಲಿಲ್ಲ. ಆಮೇಲಾಮೇಲೆ ಕೆರೆಯ ಏರಿ ಸುತ್ತಿಕೊಂಡು ಹೋಗತೊಡಗಿದೆ.

ಕೆಂಚನ ಪಕ್ಕೆಲುಬು ಈಗ ಮುಟ್ಟದೆಯೇ ಎಣಿಸಬಹುದಿತ್ತು. ನಾನು ನೊಸಲಿಂದ ಬಾಲದವರೆಗೆ ಅವನ ಮೈಯೆಲ್ಲ ಹುಡುಕಿದೆ. ಮಣಿ ಮಣಿಯ ಸಂದಿನಲ್ಲಿ ಬೆರಳಿಟ್ಟೆ, ತೊಡೆಯ ನಾಡಿ ಹಿಡಿದೆ, ವಸಡು ಒತ್ತಿ ಎಣಿಸಿದೆ. ಐದು ಎಣಿಸಿದರೂ ರಕ್ತ ಮರಳುತ್ತಿರಲಿಲ್ಲ. ನನಗೆ ಗೊತ್ತಿದ್ದ ಗುಣಿಗಳೆಲ್ಲ ಮುಗಿದವು. ನನ್ನ ಮೈಯಲ್ಲಿ ಒಂದು ಕಾಯಿಲೆಯೂ ಇರಲಿಲ್ಲ. ಒಂದು ಬೆಳಗ್ಗೆ ನಾನು ಮಣೆಯ ಮೇಲೆ ಕೂರಲು ಹೊರಟಾಗ ಅವನು ಎದ್ದು ಹಿಂದೆ ಬರಲು ನೋಡಿ, ಮುಂಗಾಲು ಮಡಿಸಿ ಕುಸಿದ. ಕೂಗಲೂ ಇಲ್ಲ, ನನ್ನನ್ನೇ ನೋಡಿದ.

ಅವನನ್ನು ಎತ್ತಿಕೊಂಡು ಮಗ್ಗದ ಮನೆಗೆ ಹೋದೆ. ಬೆಳೆದ ನಾಯಿ, ಆದರೆ ಮಗುವಿನಷ್ಟೂ ಭಾರವಿರಲಿಲ್ಲ.

ಹೊಂಬಾಳೆ ಮಗ್ಗದ ಕೆಳಗೆ ಕೂತು ಬಟ್ಟೆಯ ಅಡಿಯಲ್ಲಿ ಬೆರಳಾಡಿಸುತ್ತಿದ್ದಳು. ನನ್ನನ್ನು ನೋಡಿ ಏನೂ ಕೇಳದೆ ಮಡಿಲು ಒಡ್ಡಿದಳು. ಮೊದಲು ಅವನ ಕಿವಿ ನೋಡಿದಳು, ಪಂಜ ನೋಡಿದಳು. ಆಮೇಲೆ ಅಂಗೈ ಪಕ್ಕೆಯ ಮೇಲೆ ಇಟ್ಟಳು. ಬಹಳ ಹೊತ್ತು ಹಾಗೇ ಕೂತಳು. ಕೈ ಮೆಲ್ಲನೆ ಜಾರಿ ಹೊಟ್ಟೆಗೆ ಬಂತು.

"ಹೊಟ್ಟೆ ಉರೀತಾ ಅದೆ ಕಣಕ್ಕ," ಅಂದಳು. "ಮೇಲೆ ತಣ್ಣಗದೆ, ಒಳಗೆ ಕೆಂಡ. ನಿನ್ ಹೊಟ್ಟೇಲಿ ಏನಾಗ್ಯದೆ?"

"ಏನೂ ಆಗಿಲ್ಲ. ಚೆನ್ನಾಗೇ ಉಣ್ತಾ ಇದೀನಿ."

"ಎಷ್ಟು ದಿನದಿಂದ ಹಿಂಗೆ?"

"ನೀನು ಚಾವಡಿಗೆ ಬಂದಾಗಿನಿಂದ," ಎಂದು ಬಾಯಿಂದ ಬಂದುಬಿಟ್ಟಿತು.

ಅವಳ ಕೈ ನಿಂತಿತು. ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ, ಅಥವಾ ಅರ್ಥವಾಗುವುದು ಬೇಡವಾಗಿತ್ತು. ನಾನೇ ಹೇಳಿದೆ.

"ಬೆಳ್ಳಿ ಹೊಟ್ಟೇಲಿದ್ದದ್ದು ಮರಿ ಅಂತ ನಂಗೆ ಗೊತ್ತಿತ್ತು. ಎಡವಟ್ಟಾಗಿದ್ದಲ್ಲ ಹೊಂಬಾಳೆ. ಗೊತ್ತಿದ್ದೇ ಒತ್ತು ಅಂದೆ."

ನಾಯಿಗಳ ಮುಖದ ಮೇಲೆ ನೋವನ್ನು ಸಾವಿರ ಸಲ ನೋಡಿದ್ದೇನೆ. ಮನುಷ್ಯರ ಮುಖದ ಮೇಲೆ ನೋಡಿದ್ದು ಅದೇ ಮೊದಲು. ಅವಳ ತುಟಿ ಒಂದು ಪಕ್ಕಕ್ಕೆ ಎಳೆದುಕೊಂಡಿತು. ಕುತ್ತಿಗೆಯ ನರ ಎದ್ದವು. ಉಸಿರು ಒಳಗೆ ಹೋದದ್ದು ಹೊರಗೆ ಬರಲಿಲ್ಲ, ಎದೆ ಹಾಗೇ ನಿಂತಿತು, ಆಮೇಲೆ ಕಣ್ಣಲ್ಲಿ ನೀರು ಬಂತು. ಅವಳಿಗೆ ಅದನ್ನು ಕಳಿಸಲು ಯಾವ ನಾಯಿಯೂ ಇರಲಿಲ್ಲ. ಅಷ್ಟೆಲ್ಲ ಆಗುವಾಗಲೂ ಒಂದು ಕೈ ಕೆಂಚನ ಹೊಟ್ಟೆಯ ಮೇಲೇ ಇತ್ತು, ಮೆತ್ತಗೆ.

"ನಾಲ್ಕು ಮರಿ," ಅಂದಳು ಕಡೆಗೆ. "ನಾಲ್ಕೂ ನನ್ ಕೈಯ್ಯಾಗೇ ಬಂದೋ ಅಕ್ಕ. ಕಣ್ಣು ಬಿಟ್ಟಿರ್ಲಿಲ್ಲ."

"ಹೊಂಬಾಳೆ—"

"ನಂಗೆ ಹೇಳಿ ಏನ್ ಉಪಯೋಗ? ಆ ಮುದುಕಿಗೆ ಹೇಳೋಗು. ನಿನ್ ನಾಯಿ ಎತ್ಕೊ. ಇದಕ್ಕೆ ನಾನು ಒತ್ತೋದು ಏನೂ ಇಲ್ಲ."

ಅಲ್ಲಿಂದ ಸೀದಾ ಅಕ್ಕಮ್ಮಣ್ಣಿಯ ಮನೆಗೆ ಹೋದೆ. ಒಂದು ಗಳಿಗೆ ನಿಂತಿದ್ದರೆ ಧೈರ್ಯ ಹೋಗುತ್ತಿತ್ತು. ಮುದುಕಿ ಮೆಷಿನ್ನಿನ ಪಕ್ಕ ಚಾಪೆಯ ಮೇಲೆ ಒರಗಿದ್ದರು. ಮರಿ ಅವರ ಕಾಲ ಹತ್ತಿರ ನಿದ್ದೆ ಮಾಡುತ್ತಿತ್ತು. ನಿಂತುಕೊಂಡೇ ಎಲ್ಲ ಹೇಳಿದೆ. ಗಂಟು ನನ್ನ ಬೆರಳಿಗೆ ಸಿಕ್ಕಿದ್ದು, ನಾನು ಆಡಿದ ಮಾತು, ಅವಳು ಕೈ ಎತ್ತಿದ್ದು, ನಾನು ಮತ್ತೆ ಒತ್ತಿಸಿದ್ದು. ಬೈಯುತ್ತಾರೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾರೆ ಎಂದು ಕಾದೆ. ಅವರು ಮೋಟುಗೋಡೆಯ ಮೇಲಿದ್ದ, ಬೆಳ್ಳಿ ಉಣ್ಣುತ್ತಿದ್ದ ತಟ್ಟೆಯನ್ನು ನೋಡುತ್ತಿದ್ದರು.

"ಈ ಸೊಂಟಾನ ಅದು ಆರು ವರ್ಸ ಹೊತ್ಕೊಂಡಿತ್ತಾ?" ಅಂದರು. "ಇಷ್ಟು ನೋಯ್ತಿತ್ತಾ ಅದಕ್ಕೆ? ಬಾಲ ಆಡಿಸ್ಕೊಂಡೇ ಓಡಾಡ್ತಿತ್ತಲ್ಲೇ."

ಆಮೇಲೆ ಮುಖ ನನ್ನ ಕಡೆ ತಿರುಗಿಸಿದರು.

"ನಿನ್ ಮೇಲೆ ಸಿಟ್ಟು ಮಾಡೋಕೂ ತ್ರಾಣ ಇಲ್ಲ ನಂಗೆ. ಹೋಗು."

"ಅಜ್ಜಿ, ಕೆಂಚನ್ನ ನಿಮ್ ಹತ್ರ ಬಿಟ್ಟೋಗ್ತೀನಿ."

"ಬ್ಯಾಡ. ಇನ್ನೊಂದರ ಮೇಲೆ ಹಾಕೋಕಾ?"

"ನಿಮ್ಮ ಸೊಂಟದ್ದಾದ್ರೆ ಹೊಂಬಾಳೆ ದಿನಾ ಒತ್ತಿ ಇಳಿಸ್ತಾಳೆ. ನನ್ ಹತ್ರ ಇದ್ರೆ ಇನ್ನೊಂದು ವಾರಕ್ಕೆ ಸಾಯ್ತಾನೆ. ಇವನು ಹೊತ್ತಿರೋದಕ್ಕೆ ಗುಣಿ ಇಲ್ಲ."

ಅವರು ಬೇಡವೆಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದಾಗ ನೋವು ಎದ್ದಿತು, ಮಾತು ಕೂಗಾಗಿ ಹೋಯಿತು. ಕೆಂಚನನ್ನು ಚಾಪೆಯ ಅಂಚಿನಲ್ಲಿ ಮಲಗಿಸಿ ಹೊರಗೆ ಬಂದೆ. ನಾಯಿ ಮೂರು ದಿನ ಯಾರ ಕಾಲ ಬುಡದಲ್ಲಿ ಮಲಗುತ್ತದೋ ಅವರದಾಗುತ್ತದೆ. ಅವನು ಬಾಗಿಲವರೆಗೂ ನನ್ನ ಹಿಂದೆ ಬರುವುದಿಲ್ಲ ಎಂದು ಗೊತ್ತಿದ್ದೂ ಎರಡು ಸಲ ತಿರುಗಿ ನೋಡಿದೆ.

ಜವರಯ್ಯ ನಾನು ಹೇಳಿದ್ದನ್ನೆಲ್ಲ ಕೇಳಿ, "ಮಣೆಯಿಂದ ಏಳು," ಅಂದರು. ಆಗಲೇ ಎದ್ದಿದ್ದೆ. ಅವರು ಕೋಲೂರಿಕೊಂಡು ತಾವೇ ಮಗ್ಗದ ಮನೆಗೆ ಹೋಗಿ ಹೊಂಬಾಳೆಯನ್ನು ಕರೆದರು. ಬರುವುದಿಲ್ಲ ಅಂದಳಂತೆ. 'ದಾಕ್ಷಾಯಿಣಿ ಇನ್ನು ಚಾವಡಿ ಕಡೆ ಕಾಲಿಡಲ್ಲ' ಎಂದು ಅವರು ಮಾತು ಕೊಟ್ಟ ಮೇಲೂ ಬರಲಿಲ್ಲ. ಎರಡು ದಿನ ಬಿಟ್ಟು ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಳು. ಮುದ್ದಯ್ಯ ಒಳಗೆ ಬನ್ನಿ ಅಂದರೂ ಹೊಸಿಲು ದಾಟಲಿಲ್ಲ.

"ನಿನ್ ಮುಖ ನೋಡೋಕೆ ನಂಗೆ ಇಷ್ಟ ಇಲ್ಲ," ಅಂದಳು. "ಆದ್ರೆ ನಿಂಗೆ ತಿಳಿದಿರೋದು ನಂಗೂ ತಿಳಿದಿದ್ರೆ ಅವತ್ತು ನಿನ್ನ ಕೇಳ್ತಾನೇ ಇರ್ಲಿಲ್ಲ, ಆ ನಾಲ್ಕು ಬದುಕ್ತಿದ್ದೋ. ಎಲ್ಲಾನೂ ಕಲಿಸು. ನೀನು ಕಲಿಸೋದಾದ್ರೆ ಬತ್ತೀನಿ ಅಂತ ಅಯ್ಯಂಗೆ ಹೇಳಿವ್ನಿ. ಒಂದೂ ಬಿಡ್ಬೇಡ."

ನನ್ನ ಹತ್ತಿರ ಉಳಿದಿದ್ದದ್ದು ಅದೊಂದೇ. ಅದನ್ನೂ ಕೇಳಲು ಬಂದಿದ್ದಳು. "ಆಯ್ತು," ಅಂದೆ.

ಆ ಹೊತ್ತಿಗೆ ಕೆಂಚ ಪೂರ್ತಿ ಅಕ್ಕಮ್ಮಣ್ಣಿಯವನಾಗಿದ್ದ. ನನಗೆ ಮೊದಲು ಬಂದದ್ದು ತಲೆನೋವು. ಯಾರೋ ಹಣೆಗೆ ಹಗ್ಗ ಬಿಗಿದ ಹಾಗಿತ್ತು. ಅದೇನೆಂದು ತಿಳಿಯದೆ ಕನ್ನಡಿಯಲ್ಲಿ ನೋಡಿಕೊಂಡೆ. ಆಮೇಲೆ ಒಲೆಯ ಮೇಲಿನ ಹೆಂಚು ಮುಟ್ಟಿ ಕೂಗಿಕೊಂಡಾಗ ಮುದ್ದಯ್ಯ ಹೆದರಿ ಓಡಿಬಂದ. ಹನ್ನೊಂದು ವರ್ಷ ಕಾಲು ಮಡಿಸಿ ಕೂತ ನನ್ನ ಮೊಣಕಾಲುಗಳು ಎಂಥ ಸ್ಥಿತಿಯಲ್ಲಿವೆ ಎಂದು ಆಗ ಗೊತ್ತಾಯಿತು. ಹೊಸ ಮರಿ ತರುತ್ತೇನೆ ಎಂದು ಮುದ್ದಯ್ಯ ಹೊರಟಾಗ ಸದ್ಯಕ್ಕೆ ಬೇಡ ಅಂದೆ. ದೊಡ್ಡ ಯೋಚನೆ ಮಾಡಿ ಹೇಳಿದ ಮಾತೇನೂ ಅಲ್ಲ, ಯಾವ ಮರಿಯ ಮುಖ ನೋಡಲೂ ಧೈರ್ಯವಿರಲಿಲ್ಲ.

ದಿನಾ ಬೆಳಗ್ಗೆ ಚಾವಡಿಗೆ ಹೋಗಿ ಹೊಂಬಾಳೆಯ ಮಣೆಯ ಎಡಕ್ಕೆ ಕೂತು ಕಲಿಸಿದೆ. ಜನ ನನ್ನೊಡನೆ ಮಾತಾಡುತ್ತಿರಲಿಲ್ಲ. ಅವಳೂ ಪಾಠದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಕತ್ತಿನ ಏಳು, ಬೆನ್ನಿನ ಹದಿಮೂರು. ಗಂಟಲಿನಿಂದ ಹೊಟ್ಟೆಗೆ ಅನ್ನ ಇಳಿಯುವ ದಾರಿ, ಎಡಪಕ್ಕೆಯ ಮರೆಯಲ್ಲಿ ಗುಲ್ಮ, ಬಲಗಡೆ ಹೆಚ್ಚಾಗಿ ಯಕೃತ್ತು, ಬೆನ್ನಿಗೆ ಅಂಟಿದ ಮೂತ್ರಪಿಂಡದಲ್ಲಿ ಬಲದ್ದು ಎಡದಕ್ಕಿಂತ ಸ್ವಲ್ಪ ಮುಂದೆ. ಗಬ್ಬದ ನಾಯಿಗೆ ಮುಟ್ಟಬಾರದ ಗುಣಿಗಳನ್ನು ಮೊದಲ ದಿನವೇ ಹೇಳಿದೆ, ಮಾರನೆಯ ದಿನ ಅವಳಿಂದ ಹೇಳಿಸಿದೆ, ಅದರ ಮಾರನೆಯ ದಿನ ಮತ್ತೆ ಹೇಳಿಸಿದೆ. ನಾನು ಒಂದು ತಿಂಗಳಲ್ಲಿ ಕಲಿತದ್ದನ್ನು ಅವಳು ಎರಡು ದಿನದಲ್ಲಿ ಕಲಿಯುತ್ತಿದ್ದಳು. ಎಲ್ಲವೂ ಅವಳ ಬೆರಳಿಗೆ ಮೊದಲೇ ಗೊತ್ತಿತ್ತು, ಹೆಸರು ಮಾತ್ರ ಬೇಕಾಗಿತ್ತು.

ಇಪ್ಪತ್ತನೆಯ ದಿನವೋ ಏನೋ, ಅಕ್ಕಮ್ಮಣ್ಣಿ ನಿಧಾನವಾಗಿ ನಡೆದುಕೊಂಡು ಕೆಂಚನನ್ನು ಕರೆತಂದರು. ಅವನು ಮೈ ತುಂಬಿಕೊಂಡಿದ್ದ. ಸೊಂಟ ಹಿಡಿದು ಹಿಂಗಾಲು ಎಳೆಯುತ್ತಿದ್ದ, ಆದರೆ ಕಣ್ಣಿನಲ್ಲಿ ಕಳೆ ಇತ್ತು. ನನ್ನ ಹತ್ತಿರ ಬಂದು ಕೈ ಮೂಸಿದ. ಗುರುತು ಹಿಡಿದು ಒಂದು ಸಲ ಬಾಲ ಆಡಿಸಿದ. ಆಮೇಲೆ ದಾಟಿಕೊಂಡು ಹೋಗಿ ಹೊಂಬಾಳೆಯ ಮುಂದೆ ಮಲಗಿದ. ಅವಳು ಸೊಂಟದ ಮಣಿ ಎಣಿಸಿ, ನಾನು ಕಲಿಸಿದ ಹೆಸರನ್ನು ಮೆಲ್ಲಗೆ ಹೇಳಿಕೊಂಡು ಹೆಬ್ಬೆರಳಿಟ್ಟಳು. ಕೆಂಚ ಬಾಯಿ ತುಂಬ ಆಕಳಿಸಿದ.

ನನ್ನ ಎದೆಗೂಡಿನ ಕೆಳಗೆ ಏನೋ ಹೊತ್ತಿಕೊಂಡಿತು. ಮೊದಲು ಬೆಳಗಿನ ರೊಟ್ಟಿ ಅಂದುಕೊಂಡೆ. ಅದು ಮೇಲೇರಿ ಗಂಟಲಿಗೆ ಬಂತು, ಮತ್ತೆ ಇಳಿದು ಹೊಟ್ಟೆಯನ್ನೆಲ್ಲ ಸುಟ್ಟಿತು. ಮೈ ಬಾಗಿಹೋಯಿತು, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡೆ. ಇದನ್ನು ಅಷ್ಟು ತಿಂಗಳು ಅವನು ಗೋಡೆಗೆ ಮುಖ ಮಾಡಿ ಮಲಗಿ ಪಟ್ಟಿದ್ದ.

ಸಾಲಿನಲ್ಲಿದ್ದವರು ಸುಮ್ಮನೆ ನೋಡಿದರು. ನಮ್ಮ ಊರಿನವರಿಗೆ ಮನುಷ್ಯರ ನೋವಿಗೆ ಏನು ಮಾಡಬೇಕೆಂದು ತಿಳಿಯದು. ಹೊಂಬಾಳೆ ತಲೆ ಎತ್ತಿದಳು. ಬಲಗೈ ಕೆಂಚನ ಸೊಂಟದ ಮೇಲೆಯೇ ಇತ್ತು. ಎಡಗೈ ಸ್ವಲ್ಪ ಹೊತ್ತು ಅವಳ ಮಡಿಲಲ್ಲೇ ಇತ್ತು, ಆಮೇಲೆ ನನ್ನ ಕಡೆ ಬಂತು.

"ಎಲ್ಲಿ?" ಎಂದು ಕೇಳಿದಳು.

"ಇಲ್ಲಿ," ಅಂದೆ.